ನಂದಿನಿ ಯಾರ ಮನೆಯ ಹಸು?



ನಿಮ್ಮ ಮನೆಯ ಮಾತಿಗೆ ಯಾರೋ ಬೇಲಿ ಹಾಕಿ, ದಾಟಿದರೆ ದಂಡ ಎಂದರೆ ಸುಮ್ಮನಿರುತ್ತೀರಾ? ಇಂದು ಆಗುತ್ತಿರುವುದು ಅದೇ. ನೆಲಕ್ಕೆ ಬೇಲಿ ಹಾಕಿದ್ದು ಸಾಲದೆ ಈಗ ನುಡಿಗೂ ಬೇಲಿ! ಆ ಬೇಲಿಯ ಹೆಸರು ಟ್ರೇಡ್‌ಮಾರ್ಕ್.

ನಾನು ಮುದ್ರಣಾಲಯ ನಡೆಸುವವನು. ಕಾರವಾರ, ಅಂಕೋಲೆಯ ಹಪ್ಪಳ, ಉಪ್ಪಿನಕಾಯಿ, ಕೋಕಂ, ಒಣಮೀನಿನ ಲೇಬಲ್ಲುಗಳನ್ನು ಅಚ್ಚು ಹಾಕಿಯೇ ನನ್ನ ಹೊಟ್ಟೆ ತುಂಬುತ್ತದೆ. ಕಳೆದ ವರ್ಷ ಅಂಕೋಲೆ ಕಡೆಯ ತಾಯಿಯೊಬ್ಬರು "ಅಪ್ಪಟ ಜೋನಿಬೆಲ್ಲ" ಎಂದು ಎರಡು ಸಾವಿರ ಲೇಬಲ್ಲು ಹಾಕಿಸಿದರು. ಕೆಲ ದಿನಗಳಲ್ಲೇ ದೂರದೂರಿನ ಕಂಪನಿಯೊಂದರ ವಕೀಲರ ನೋಟೀಸು ಬಂತು. ಅದೂ ಇಂಗ್ಲಿಷಿನಲ್ಲಿ! "ಅಪ್ಪಟ" ಎಂಬ ಮಾತು ಅವರ ಸ್ವತ್ತಂತೆ. ಹದಿನೈದು ದಿನದಲ್ಲಿ ತೆಗೆಯದಿದ್ದರೆ ಕೋರ್ಟಂತೆ. ಆ ತಾಯಿ ಹೆದರಿ ಉಳಿದ ಲೇಬಲ್ಲನ್ನೆಲ್ಲ ಒಲೆಗೆ ಹಾಕಿದರು. ಬೆಲ್ಲ ಅಪ್ಪಟವಾಗಿದ್ದರೆ ಅಪ್ಪಟ ಎನ್ನದೆ ಇನ್ನೇನು ಅನ್ನಬೇಕು?

ಓದುಗರೇ, ಇಂಥ ನೋಟೀಸಿಗೆ ಉತ್ತರ ಕಾನೂನಿನಲ್ಲೇ ಇದೆ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಂ ಓದಿ. ಸರಕಿನ ಬಗೆ, ಗುಣ, ಪ್ರಮಾಣ, ಹುಟ್ಟಿದ ಊರನ್ನಷ್ಟೇ ಹೇಳುವ ಪದವನ್ನು ನೋಂದಾಯಿಸಬಾರದು. ಬಳಸಿ ಬಳಸಿ ಆ ಪದ ಕೇಳಿದೊಡನೆ ಜನರಿಗೆ ಒಬ್ಬನ ಸರಕೇ ನೆನಪಾಗುವಂತಿದ್ದರೆ ಮಾತ್ರ ವಿನಾಯಿತಿ. ಹಾಗೆ ನೋಂದಣಿಯಾದರೂ, ತನ್ನ ಸರಕಿನ ಗುಣವನ್ನು ಪ್ರಾಮಾಣಿಕವಾಗಿ ಹೇಳುವವನನ್ನು ತಡೆಯಲಾಗದು ಎನ್ನುತ್ತದೆ 35ನೇ ಕಲಂ. ಬುಡವಿಲ್ಲದ ಬೆದರಿಕೆ ಹಾಕಿದವರ ಮೇಲೆಯೇ ದಾವೆ ಹೂಡಲು 142ನೇ ಕಲಂ ಇದೆ!

ದೊಡ್ಡವರ ಮುಂದೆ ನಮ್ಮದೇನು ನಡೆದೀತು ಎನ್ನುವವರು ನಂದಿನಿ ಮೊಕದ್ದಮೆ ನೋಡಲಿ. ಕರ್ನಾಟಕ ಹಾಲು ಮಹಾಮಂಡಳ 1985ರಿಂದ ಆ ಹೆಸರಿನಲ್ಲಿ ಹಾಲು ಮಾರುತ್ತಿದೆ. 1989ರಲ್ಲಿ ಬೆಂಗಳೂರಿನಲ್ಲಿ ನಂದಿನಿ ಡಿಲಕ್ಸ್ ಹೋಟೆಲು ಶುರುವಾಯಿತು. ಹೋಟೆಲಿನವರು ಹೆಸರು ನೋಂದಾಯಿಸಲು ಹೊರಟಾಗ ಮಹಾಮಂಡಳ ಅಡ್ಡ ಬಂತು. ಮೇಲ್ಮನವಿ ಮಂಡಳಿಯಲ್ಲೂ ಹೈಕೋರ್ಟಿನಲ್ಲೂ ಮಹಾಮಂಡಳವೇ ಗೆದ್ದಿತು. ಆದರೆ 2018ರ ಜುಲೈ 26ರಂದು ಸುಪ್ರೀಂ ಕೋರ್ಟು ಹೇಳಿದ್ದೇನು? ನಂದಿನಿ ದೇವತೆಯ ಹೆಸರು, ಪುರಾಣದ ಹಸುವಿನ ಹೆಸರು. ಯಾರೂ ಹೊಸದಾಗಿ ಹುಟ್ಟಿಸಿದ ಪದವಲ್ಲ. ಇಬ್ಬರ ಚಿಹ್ನೆ ಬೇರೆ, ಸರಕು ಬೇರೆ. ಹಾಲು, ಹಾಲಿನ ಪದಾರ್ಥ ಬಿಟ್ಟು ಉಳಿದದ್ದಕ್ಕೆ ಹೋಟೆಲಿನವರು ಆ ಹೆಸರು ನೋಂದಾಯಿಸಬಹುದು!

ನಂದಿನಿ ನಮ್ಮ ರೈತರ ಸಂಸ್ಥೆ, ನಮ್ಮ ಹೆಮ್ಮೆ. ಆದರೂ ಹೇಳುತ್ತೇನೆ, ಈ ತೀರ್ಪು ಸರಿ. ಬೇಲಿ ಹಾಕಲು ಇಂದು ನಮ್ಮವರಿಗೆ ಬಿಟ್ಟರೆ, ನಾಳೆ ಹೊರಗಿನವರಿಗೆ ಬೇಡ ಎನ್ನಲು ನಮಗೆ ಬಾಯಿ ಎಲ್ಲಿದೆ?

ಹಾಗೆಂದು ಕದಿಯಿರಿ ಎನ್ನುತ್ತಿಲ್ಲ. ಒಬ್ಬನು ತಲೆ ಖರ್ಚು ಮಾಡಿ ಹುಟ್ಟಿಸಿದ ಹೆಸರನ್ನು, ಅವನ ಬಣ್ಣವನ್ನು ನಕಲು ಹೊಡೆದು ಗಿರಾಕಿಯ ಕಣ್ಣಿಗೆ ಮಣ್ಣೆರಚುವ ಲೇಬಲ್ಲನ್ನು ನಾನು ಅಚ್ಚು ಹಾಕುವುದಿಲ್ಲ. ಹುಟ್ಟಿಸಿದ ಪದ ಹುಟ್ಟಿಸಿದವನದು. ಊರಿನ ಪದ ಊರಿನದು!

ನಮ್ಮ ಅಂಕೋಲೆಯ ಕರಿ ಇಶಾಡ ಮಾವನ್ನೇ ನೋಡಿ. 2023ರಲ್ಲಿ ಅದಕ್ಕೆ ಜಿ.ಐ. ಮಾನ್ಯತೆ ಸಿಕ್ಕಿತು. ಆ ಹೆಸರು ಯಾವ ಸಾಹುಕಾರನ ತಿಜೋರಿಗೂ ಹೋಗಲಿಲ್ಲ. ಬೆಳೆಯುವ ರೈತರು ಬಳಕೆದಾರರಾಗಿ ನೋಂದಾಯಿಸಿಕೊಳ್ಳಬಹುದು. ಅದನ್ನು ಮಾರಲಾಗದು, ಒತ್ತೆ ಇಡಲಾಗದು.

ಹಾಗಾದರೆ ರೋಗದ ಬೇರು ಎಲ್ಲಿದೆ? ಭಾಷೆಯಲ್ಲಿದೆ! ಕರ್ನಾಟಕದ ಟ್ರೇಡ್‌ಮಾರ್ಕ್ ಅರ್ಜಿ ಹೋಗುವುದು ಚೆನ್ನೈಗೆ. ಅದು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಬೇಕು. ಕನ್ನಡ ಪದದ ಅರ್ಥವನ್ನೂ ಆ ಭಾಷೆಗಳಲ್ಲೇ ಬರೆದುಕೊಡಬೇಕು. ಅರ್ಜಿ ಇಲಾಖೆಯ ಪತ್ರಿಕೆಯಲ್ಲಿ ಪ್ರಕಟವಾದ 4 ತಿಂಗಳೊಳಗೆ ತಕರಾರು ಸಲ್ಲಿಸಬೇಕು. ಕನ್ನಡವಷ್ಟೇ ಓದಬಲ್ಲ ಬೆಲ್ಲದವರಿಗೆ, ಹಪ್ಪಳದವರಿಗೆ ತಮ್ಮ ಮಾತು ಕೈತಪ್ಪುತ್ತಿದೆ ಎಂದು ತಿಳಿಯುವುದು ಹೇಗೆ?

ಆದ್ದರಿಂದ ನಮ್ಮ ಒತ್ತಾಯ ಇಷ್ಟು. ಕನ್ನಡ ಪದಗಳ ಮೇಲೆ ಬಂದ ಅರ್ಜಿಗಳ ಪಟ್ಟಿ ಕನ್ನಡದಲ್ಲೇ ಪ್ರಕಟವಾಗಲಿ. ಅರ್ಜಿಯನ್ನೂ ತಕರಾರನ್ನೂ ಕನ್ನಡದಲ್ಲಿ ಸ್ವೀಕರಿಸಲಿ. ಕಾರವಾರದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ನೋಟೀಸು ಓದಿ ಹೇಳುವ ಕಾನೂನು ಬಲ್ಲವರೊಬ್ಬರು ಕೂರಲಿ.

1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ನೆಲ ನಮ್ಮ ಅಂಕೋಲೆ. ಕಡಲ ಉಪ್ಪಿಗೆ ಸರಕಾರದ ಅಪ್ಪಣೆ ಏಕೆ ಎಂದು ಕೇಳಿದ ಜನ ನಾವು. ಕನ್ನಡ ಮಾತಿಗೆ ಕಂಪನಿಯ ಅಪ್ಪಣೆ ಏಕೆ? ನೋಟೀಸು ಬಂದರೆ ನಡುಗಬೇಡಿ. ಹೆಸರು ಬದಲಿಸುವ ಮೊದಲು ವಕೀಲರ ಬಳಿ ಹೋಗಿ, 9 ಮತ್ತು 35ನೇ ಕಲಂ ಕೇಳಿ. ಕಾನೂನು ನಿಮ್ಮ ಕಡೆ ಇದ್ದರೆ ಒಂದಕ್ಷರವನ್ನೂ ಬಿಟ್ಟುಕೊಡಬೇಡಿ!