ಲೊಡಲೊಡ ಮುಚ್ಚಳ, ಮನೆಯಲ್ಲಿ ಮಗು

ಜಾತ್ರೆಯಲ್ಲಿ ಕೊಂಡ ಕೀಚೈನ್ ಲೇಸರ್ ನಾಲ್ಕೇ ದಿನಕ್ಕೆ ಲೊಡಲೊಡ ಅನ್ನುತ್ತದೆ. ಅಲ್ಲಾಡಿಸಿದರೆ ಬೆಳಕುಂಟು, ಬಿಟ್ಟರೆ ಇಲ್ಲ. 'ಆಟದ ಸಾಮಾನು, ಬಿಡ್ರೀ' ಅಂತ ದೊಡ್ಡವರು ಅದನ್ನು ಮಗುವಿನ ಕೈಗೇ ಕೊಡುತ್ತಾರೆ. ಎಡವಟ್ಟಿರುವುದು ಇಲ್ಲೇ.

ಒಳಗಿರುವುದು ಸಾಮಾನ್ಯವಾಗಿ ಎಲ್‌ಆರ್44 ಜಾತಿಯ 3 ಗುಂಡಿ ಸೆಲ್ಲು. ಮುಚ್ಚಳ ಕಳಚಿದರೆ ಸೆಲ್ಲು ನೆಲಕ್ಕೆ, ನೆಲದಿಂದ ಕೂಸಿನ ಬಾಯಿಗೆ. ಗುಂಡಿ ಸೆಲ್ಲು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಒಳಗೊಳಗೇ ಸುಡುತ್ತದೆ. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು.

ರಿಪೇರಿಯೇನು ಬ್ರಹ್ಮವಿದ್ಯೆಯಲ್ಲ. ಮೊದಲು ಸೆಲ್ಲು ಹೊರಗೆ. ಥ್ರೆಡ್ಡು ಸವೆದಿದ್ದರೆ ನಲ್ಲಿಗೆ ಸುತ್ತುವ ಬಿಳಿ ಟೇಪು ಒಂದು ಸುತ್ತು, ಅದೂ ಅರ್ಧ ಭಾಗಕ್ಕೆ ಮಾತ್ರ. ಕರೆಂಟು ಹರಿಯುವುದು ಲೋಹದ ಮೈಯಲ್ಲೇ. ಪೂರ್ತಿ ಮುಚ್ಚಿದರೆ ಬೆಳಕೇ ಹತ್ತದು. ಸ್ಪ್ರಿಂಗ್ ಕುಗ್ಗಿದ್ದರೆ ಕೊಂಚ ಎಳೆದರಾಯಿತು. ಪರೀಕ್ಷೆ ಗೋಡೆಯ ಮೇಲೆ, ಯಾರ ಕಣ್ಣಿಗೂ ಅಲ್ಲ.

ಜಾತ್ರೆ ಅಂಗಡಿಗಳಿಂದ ಸುಂಕ ಎತ್ತುವವರು ಒಂದು ಮುಚ್ಚಳವನ್ನಾದರೂ ತಿರುಗಿಸಿ ನೋಡಿದ್ದುಂಟೇ? ಅವರು ನೋಡುವವರೆಗೆ ಮನೆಯವರೇ ನೋಡಬೇಕು. ಬಿಗಿ ನಿಲ್ಲದಿದ್ದರೆ ಸೆಲ್ಲು ತೆಗೆದು ಎತ್ತಿಡಲಿ. ಬೆಳಕಿಲ್ಲದ ಆಟಿಕೆಗೆ ಮಗು ಒಂದು ದಿನ ಅತ್ತೀತು, ಅಷ್ಟೇ ತಾನೆ?