ಎಚ್.ಐ.ವಿ. ಪರೀಕ್ಷೆ: ದಿನ ಎಣಿಸುವುದು ಎಲ್ಲಿಂದ?

‘ಸೋಂಕು ತಗುಲಿರಬಹುದೆಂಬ ಭಯದಿಂದ ಮಾತ್ರೆ ನುಂಗುತ್ತಿರುವಾಗ ರಕ್ತಪರೀಕ್ಷೆ ಮಾಡಿಸಿದರೆ ಅದರ ಫಲಿತಾಂಶವನ್ನು ನಂಬಬಹುದೇ?’ ಈ ಪ್ರಶ್ನೆಯನ್ನು ಗಟ್ಟಿದನಿಯಲ್ಲಿ ಕೇಳಿದವರನ್ನು ನಾನು ಕಂಡಿಲ್ಲ. ಉಳಿದ ರೋಗಿಗಳೆಲ್ಲ ಹೊರಟುಹೋಗುವವರೆಗೆ ಕಾದು, ಬಾಗಿಲನ್ನು ಅರ್ಧ ಮುಚ್ಚಿ, ‘ನನ್ನ ಸ್ನೇಹಿತನೊಬ್ಬನಿದ್ದಾನೆ ಡಾಕ್ಟ್ರೇ’ ಎಂದು ಆರಂಭಿಸುವವರೇ ಎಲ್ಲ. ಹಾಗೆ ಬಂದವರಲ್ಲಿ ನರ್ಸಿಂಗ್ ಹೋಮಿನಲ್ಲಿ ದುಡಿಯುವ ಹೆಣ್ಣುಮಕ್ಕಳಿದ್ದಾರೆ, ಪ್ರಯೋಗಾಲಯದ ಹುಡುಗರಿದ್ದಾರೆ, ಕಸದ ರಾಶಿಯಲ್ಲಿ ಬಳಸಿ ಬಿಸುಟ ಸೂಜಿ ಚುಚ್ಚಿಸಿಕೊಂಡ ಪೌರಕಾರ್ಮಿಕರಿದ್ದಾರೆ, ಕೊಬ್ಬರಿ ಲೋಡು ಹೊತ್ತು ಉತ್ತರದ ಊರುಗಳಿಗೆ ಹೋಗಿಬರುವ ಲಾರಿ ಚಾಲಕರೂ ಇದ್ದಾರೆ. ಭಯವು ಯಾವ ದಾರಿಯಿಂದ ಬಂದಿತೆಂಬುದು ವೈದ್ಯನಿಗೆ ಚಿಕಿತ್ಸೆಯನ್ನು ನಿರ್ಧರಿಸಲು ಬೇಕಾದಷ್ಟೇ ಬೇಕು, ಅದಕ್ಕಿಂತ ಹೆಚ್ಚು ಬೇಡ. ಹತ್ತು ಮಂದಿಯ ನಡುವೆ ಕೇಳಲಾಗದ ಪ್ರಶ್ನೆಯಾದ್ದರಿಂದಲೇ ಅದಕ್ಕೆ ಇಲ್ಲಿ ಬರೆದು ಉತ್ತರಿಸುವುದು ಉಚಿತವೆಂದು ತೋರಿತು.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಮಾತ್ರೆಯು ಸೋಂಕಿಲ್ಲದವನ ರಕ್ತದಲ್ಲಿ ಸೋಂಕಿದೆಯೆಂದು ಪರೀಕ್ಷೆಯಿಂದ ಹೇಳಿಸುವುದಿಲ್ಲ. ಆದರೆ ಸೋಂಕು ನಿಜವಾಗಿಯೂ ದೇಹವನ್ನು ಹೊಕ್ಕಿದ್ದರೆ, ಅದು ಪರೀಕ್ಷೆಯಲ್ಲಿ ಕಾಣಿಸಿಕೊಳ್ಳುವ ದಿನವನ್ನು ಮುಂದಕ್ಕೆ ತಳ್ಳಬಲ್ಲದು. ಆದ್ದರಿಂದ ಮಾತ್ರೆ ನುಂಗುತ್ತಿರುವಾಗ ಬಂದ ‘ನೆಗೆಟಿವ್’ ಎಂಬ ವರದಿಯನ್ನು ಕೊನೆಯ ಮಾತೆಂದು ಹಿಡಿಯಬಾರದು.

ಇಲ್ಲಿ ಮಾತ್ರೆಯೆಂದರೆ ಯಾವುದು? ವೈರಾಣುಗಳನ್ನು ತಡೆಯುವ ಔಷಧಗಳೆಲ್ಲ ಒಂದೇ ಜಾತಿಯವಲ್ಲ. ಸರ್ಪಸುತ್ತಿಗೆ ಕೊಡುವ ಅಸೈಕ್ಲೋವಿರ್, ಎಚ್1ಎನ್1 ಜ್ವರದ ಕಾಲದಲ್ಲಿ ಎಲ್ಲರ ಬಾಯಲ್ಲೂ ಇದ್ದ ಟ್ಯಾಮಿಫ್ಲೂ ಇಂಥವನ್ನು ಸೇವಿಸಿದ್ದರೆ ಎಚ್.ಐ.ವಿ. ಪರೀಕ್ಷೆಯ ಫಲಿತಾಂಶ ತಡವಾಗುವುದೆಂಬ ಚಿಂತೆ ಬೇಕಿಲ್ಲ. ಚಿಂತಿಸಬೇಕಾದದ್ದು ಎಚ್.ಐ.ವಿ.ಯನ್ನೇ ಗುರಿಯಾಗಿಸಿಕೊಂಡ ಔಷಧಗಳ ವಿಷಯದಲ್ಲಿ. ಸೋಂಕಿಗೆ ಒಡ್ಡಿಕೊಂಡವರಿಗೆ ಈಗ ನಮ್ಮ ದೇಶದಲ್ಲಿ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರವಿರ್ ಎಂಬ ಮೂರು ಔಷಧಗಳು ಕೂಡಿದ ಒಂದೇ ಮಾತ್ರೆಯನ್ನು ದಿನಕ್ಕೊಂದರಂತೆ 28 ದಿನ ಕೊಡುತ್ತಾರೆ. ಆಸ್ಪತ್ರೆಯವರು ಇದನ್ನು ಪಿ.ಇ.ಪಿ. ಎನ್ನುತ್ತಾರೆ. ಇವುಗಳಲ್ಲಿ ಟೆನೊಫೊವಿರ್ ಹೆಪಟೈಟಿಸ್-ಬಿ ಎಂಬ ಯಕೃತ್ತಿನ ಕಾಯಿಲೆಗೂ ಬಳಕೆಯಲ್ಲಿದೆ. ಅದನ್ನು ವರ್ಷಗಟ್ಟಲೆ ಸೇವಿಸುತ್ತಿರುವವರು ಎಚ್.ಐ.ವಿ. ಪರೀಕ್ಷೆಗೆ ಹೋದಾಗ ಆ ಸಂಗತಿಯನ್ನು ಹೇಳುವುದಿಲ್ಲ. ಅದಕ್ಕೂ ಇದಕ್ಕೂ ಏನು ಸಂಬಂಧವೆಂದು ಸುಮ್ಮನಿರುತ್ತಾರೆ. ಸಂಬಂಧವುಂಟು, ಹೇಳಲೇಬೇಕು.

ಮುಂದೂಡುವಿಕೆ ಹೇಗೆ ಸಂಭವಿಸುತ್ತದೆಂಬುದನ್ನು ತಿಳಿಯಲು ಪರೀಕ್ಷೆ ಏನನ್ನು ಹುಡುಕುತ್ತದೆಂಬುದನ್ನು ಅರಿಯಬೇಕು. ಸರ್ಕಾರಿ ಕೇಂದ್ರಗಳಲ್ಲಿ ಬೆರಳಿನಿಂದಲೋ ತೋಳಿನಿಂದಲೋ ರಕ್ತ ತೆಗೆದು ಅರ್ಧ ಗಂಟೆಯಲ್ಲಿ ಹೇಳುವ ಪರೀಕ್ಷೆಯು ಸಾಮಾನ್ಯವಾಗಿ ವೈರಾಣುವನ್ನು ಹುಡುಕುವುದಿಲ್ಲ. ಅದರ ವಿರುದ್ಧ ನಮ್ಮ ದೇಹ ತಯಾರಿಸಿದ ಪ್ರತಿಕಾಯವನ್ನು ಹುಡುಕುತ್ತದೆ. ದೇಹಕ್ಕೆ ಶತ್ರುವಿನ ಗುರುತು ಸಿಕ್ಕಿ ಪ್ರತಿಕಾಯ ಸಿದ್ಧವಾಗಲು ಮೂರು ವಾರದಿಂದ ಮೂರು ತಿಂಗಳವರೆಗೆ ಹಿಡಿಯಬಹುದು. ದೊಡ್ಡ ಪ್ರಯೋಗಾಲಯಗಳ ನಾಲ್ಕನೆಯ ತಲೆಮಾರಿನ ಪರೀಕ್ಷೆಯು ಪ್ರತಿಕಾಯದ ಜೊತೆಗೆ ವೈರಾಣುವಿನ ಪಿ24 ಎಂಬ ಅಂಶವನ್ನೂ ಹುಡುಕುವುದರಿಂದ ಸಾಮಾನ್ಯವಾಗಿ 18ರಿಂದ 45 ದಿನಗಳೊಳಗೆ ಹೇಳಬಲ್ಲದು. ವೈರಾಣುವಿನ ಆರ್.ಎನ್.ಎ.ಯನ್ನೇ ಹುಡುಕುವ ಪರೀಕ್ಷೆ 10ರಿಂದ 33 ದಿನಗಳಲ್ಲಿ ಹೇಳುತ್ತದೆ. ಸೋಂಕು ಒಳಗಿದ್ದೂ ಪರೀಕ್ಷೆಗೆ ಸಿಗದ ಈ ನಡುಗಾಲವೇ ‘ವಿಂಡೋ ಪೀರಿಯಡ್’.

ನಮ್ಮ ಶಾಸ್ತ್ರವನ್ನು ಓದಿದವರಿಗೆ ಈ ಕಲ್ಪನೆ ಹೊಸದಲ್ಲ. ಸುಶ್ರುತನು ರೋಗದ ಬೆಳವಣಿಗೆಯನ್ನು ಸಂಚಯ, ಪ್ರಕೋಪ, ಪ್ರಸರ, ಸ್ಥಾನಸಂಶ್ರಯ, ವ್ಯಕ್ತಿ, ಭೇದ ಎಂದು ಆರು ಹಂತಗಳಾಗಿ ವಿಂಗಡಿಸಿದ್ದಾನೆ. ರೋಗವು ರೋಗವೆಂದು ಗುರುತಿಗೆ ಸಿಗುವುದು ಐದನೆಯ ಹಂತದಲ್ಲಿ. ಎಚ್.ಐ.ವಿ. ಆತನಿಗೆ ಗೊತ್ತಿತ್ತೆಂದು ನಾನು ಹೇಳುತ್ತಿಲ್ಲ. ಅಂಥ ಮಾತುಗಳನ್ನಾಡುವ ನಮ್ಮವರ ಮೇಲೆ ನನಗೆ ಸಿಟ್ಟಿದೆ. ಕಣ್ಣಿಗೆ ಕಾಣದಿರುವುದೂ ಇಲ್ಲದಿರುವುದೂ ಒಂದೇ ಅಲ್ಲವೆಂಬ ಎಚ್ಚರವನ್ನು ಮಾತ್ರ ಅಲ್ಲಿಂದ ತೆಗೆದುಕೊಳ್ಳಬಹುದು.

ತೆಂಗಿನ ಸೀಮೆಯವರಿಗೆ ಇದನ್ನು ಸಸಿಮಡಿಯ ಮಾತಿನಲ್ಲಿ ಹೇಳಬಹುದು. ಬೀಜದ ಕಾಯನ್ನು ಮಡಿಯಲ್ಲಿ ಹೂತು ನೀರು ಕೊಡುತ್ತಿದ್ದರೂ ಮೊಳಕೆ ಹೊರಗೆ ಕಾಣಲು ಎರಡು, ಮೂರು, ಕೆಲವೊಮ್ಮೆ ನಾಲ್ಕು ತಿಂಗಳು ಬೇಕು. ನೀರು ನಿಲ್ಲಿಸಿದರೆ ಕೆಲವು ಕಾಯಿಗಳು ಒಳಗೇ ಸಾಯುತ್ತವೆ. ಕೆಲವು ಸಾಯದೆ ತಡವಾಗಿ ಮೊಳೆಯುತ್ತವೆ. ಮಣ್ಣಿನ ಮೇಲೆ ಏನೂ ಕಾಣದ ದಿನ ನೋಡಿದವನಿಗೆ ಸತ್ತದ್ದು ಯಾವುದು, ತಡವಾದದ್ದು ಯಾವುದು ಎಂಬುದು ತಿಳಿಯದು. ಪಿ.ಇ.ಪಿ. ಮಾತ್ರೆ ವೈರಾಣುವಿಗೆ ನೀರು ನಿಲ್ಲಿಸುವ ಕೆಲಸವನ್ನು ಮಾಡುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಸೋಂಕು ಬೇರೂರುವ ಮೊದಲೇ ಅಳಿದುಹೋಗುತ್ತದೆ. ಅಪರೂಪಕ್ಕೆ, ಮಾತ್ರೆ ತಡವಾಗಿ ಆರಂಭವಾದಾಗ ಅಥವಾ ನಡುನಡುವೆ ತಪ್ಪಿದಾಗ, ಅದು ಅಳಿಯದೆ ಅಡಗಿರಬಹುದು. ವೈರಾಣುವಿನ ಸಂಖ್ಯೆ ಕುಗ್ಗಿರುವುದರಿಂದ ಆರ್.ಎನ್.ಎ. ಪರೀಕ್ಷೆಗೂ ಸಿಗದು, ಪಿ24 ಕೂಡ ಕಾಣದು; ಪ್ರಚೋದನೆ ಸಾಲದೆ ಪ್ರತಿಕಾಯವೂ ತಡವಾಗುತ್ತದೆ. ಹೆಚ್ಚು ದುಡ್ಡು ತೆತ್ತು ದುಬಾರಿ ಪರೀಕ್ಷೆ ಮಾಡಿಸಿದರೆ ಮಾತ್ರೆಯ ನಡುವೆಯೇ ಸತ್ಯ ತಿಳಿದೀತೆಂಬ ನಂಬಿಕೆ ಇದರಿಂದಲೇ ಹುಸಿಯಾಗುತ್ತದೆ.

ಹಾಗಾದರೆ ದಿನಗಳನ್ನು ಎಲ್ಲಿಂದ ಎಣಿಸಬೇಕು? ಮಾತ್ರೆ ತೆಗೆದುಕೊಳ್ಳದವನು ಘಟನೆಯ ದಿನದಿಂದ ಎಣಿಸಲಿ. ಮಾತ್ರೆ ತೆಗೆದುಕೊಂಡವನು ಮಾತ್ರೆ ಮುಗಿದ ದಿನದಿಂದ ಎಣಿಸಲಿ. ಬ್ರಿಟನ್ನಿನ ವೈದ್ಯರ ಮಾರ್ಗಸೂಚಿ ನಾಲ್ಕನೆಯ ತಲೆಮಾರಿನ ಪರೀಕ್ಷೆಗೆ ಮಾತ್ರೆ ಮುಗಿದ ಮೇಲೆ ಕನಿಷ್ಠ 45 ದಿನ ಕಾಯಿರೆನ್ನುತ್ತದೆ. 28ಕ್ಕೆ 45 ಸೇರಿದರೆ 73 ದಿನ. ನಮ್ಮ ಊರುಗಳಲ್ಲಿ ಸಿಗುವುದು ಪ್ರತಿಕಾಯದ ಶೀಘ್ರ ಪರೀಕ್ಷೆಯಾದ್ದರಿಂದ ಮಾತ್ರೆ ಮುಗಿದ ಬಳಿಕ ಪೂರ್ತಿ ಮೂರು ತಿಂಗಳು ಕಳೆದು ಒಂದು ಪರೀಕ್ಷೆ ಆಗಲೇಬೇಕೆಂದು ನಾನು ಹೇಳುತ್ತೇನೆ. ನಡುವೆ ಆಸ್ಪತ್ರೆಯವರು ಕರೆದ ದಿನಗಳಲ್ಲಿ ಮಾಡುವ ಪರೀಕ್ಷೆಗಳನ್ನು ತಪ್ಪಿಸಬಾರದು. ಘಟನೆಯ ದಿನವೇ ಮಾಡುವ ಮೊದಲ ಪರೀಕ್ಷೆಯು ಆ ಘಟನೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದಕ್ಕೆ ಮೊದಲು ನಿಮ್ಮ ಸ್ಥಿತಿ ಏನಿತ್ತೆಂಬುದನ್ನು ಹೇಳುತ್ತದೆ. ಇದು ಗೊತ್ತಿಲ್ಲದೆ ಮೊದಲ ದಿನದ ‘ನೆಗೆಟಿವ್’ ನೋಡಿ ನಿಟ್ಟುಸಿರು ಬಿಟ್ಟು ಮನೆಗೆ ಹೋದವರು ಎಷ್ಟೋ ಮಂದಿ.

ಕೆಲವು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ಮಾವನವರೊಡನೆ ಬಂದಿದ್ದಳು. ಆಸ್ಪತ್ರೆಯೊಂದರಲ್ಲಿ ಶುಶ್ರೂಷಕಿ. ರೋಗಿಗೆ ಚುಚ್ಚಿದ ಸೂಜಿಗೆ ಮುಚ್ಚಳ ಹಾಕುವಾಗ ಹೆಬ್ಬೆರಳಿಗೆ ಚುಚ್ಚಿತ್ತು. ಮಾತ್ರೆಯನ್ನು ಅಂದೇ ಆರಂಭಿಸಿದ್ದಳು. ಹನ್ನೆರಡನೆಯ ದಿನ ಮನೆಯವರು ಖಾಸಗಿಯಾಗಿ ಪರೀಕ್ಷೆ ಮಾಡಿಸಿ, ವರದಿ ಶುದ್ಧವಿದೆಯೆಂದು ಮಾತ್ರೆ ನಿಲ್ಲಿಸಲು ಹೊರಟಿದ್ದರು. ‘ಉಷ್ಣದ ಮಾತ್ರೆ, ಸುಮ್ಮನೆ ಯಾಕೆ ನುಂಗಬೇಕು ಸ್ವಾಮಿ?’ ಎಂಬುದು ಹಿರಿಯರ ಪ್ರಶ್ನೆ. ‘ಹನ್ನೆರಡನೆಯ ದಿನದ ಕಾಗದದಲ್ಲಿ ಏನೂ ಬರೆದಿಲ್ಲ ಯಜಮಾನ್ರೇ, ಅದು ಖಾಲಿ ಕಾಗದ’ ಎಂದೆ. ಆಕೆ ಉಳಿದ ಹದಿನಾರು ದಿನ ವಾಕರಿಕೆಯ ನಡುವೆಯೂ ಮಾತ್ರೆ ಮುಗಿಸಿದಳು. ಮುಂದಿನ ಪರೀಕ್ಷೆಗಳೆಲ್ಲ ನೆಗೆಟಿವ್ ಬಂದವು. ಆದರೆ ಆ ತಿಂಗಳುಗಳಲ್ಲಿ ಆಕೆಯ ತಟ್ಟೆ ಲೋಟವನ್ನು ಬೇರೆ ಇಟ್ಟಿದ್ದರಂತೆ. ಊಟದ ತಟ್ಟೆಯಿಂದ ಈ ಸೋಂಕು ಹರಡದೆಂಬುದನ್ನು ಇನ್ನೂ ಎಷ್ಟು ವರ್ಷ ಹೇಳಬೇಕೋ ತಿಳಿಯದು.

ಈ ವಿವರಗಳನ್ನು ಓದಿ ‘ಮಾತ್ರೆಯಿಂದ ಪರೀಕ್ಷೆ ಗೊಂದಲವಾಗುವುದಾದರೆ ಮಾತ್ರೆಯೇ ಬೇಡ, ಮೂರು ತಿಂಗಳು ಕಾದು ನೋಡೋಣ’ ಎಂದು ಯಾರಾದರೂ ತೀರ್ಮಾನಿಸಿದರೆ ನಾನು ಬರೆದದ್ದೆಲ್ಲ ವ್ಯರ್ಥ. ಸೋಂಕಿತರ ರಕ್ತವಿದ್ದ ಸೂಜಿ ಚುಚ್ಚಿದಾಗ ಸೋಂಕು ತಗಲುವ ಸಂಭವ ಸಾವಿರಕ್ಕೆ ಮೂರರಷ್ಟು. ಆ ಮೂರನ್ನೂ ಇಳಿಸುವ ಶಕ್ತಿ ಮಾತ್ರೆಗಿದೆ. 1997ರಲ್ಲಿ ಪ್ರಕಟವಾದ, ಆಸ್ಪತ್ರೆಯ ಸಿಬ್ಬಂದಿಯ ಕುರಿತ ಅಧ್ಯಯನದಲ್ಲಿ ಜಿಡೊವುಡಿನ್ ಎಂಬ ಹಳೆಯ ಔಷಧವೊಂದರಿಂದಲೇ ಸೋಂಕಿನ ಸಂಭವ ಸುಮಾರು ಶೇಕಡ 81ರಷ್ಟು ಕಡಿಮೆಯಾದದ್ದು ಕಂಡುಬಂದಿತ್ತು. ಫಲಿತಾಂಶಕ್ಕಾಗಿ ಒಂದು ತಿಂಗಳು ಹೆಚ್ಚು ಕಾಯುವುದು ಈ ರಕ್ಷಣೆಗೆ ತೆರುವ ಅತಿ ಸಣ್ಣ ಬೆಲೆ. ಸಾಧ್ಯವಾದರೆ ಎರಡು ಗಂಟೆಯೊಳಗೆ, ಏನೇ ಆದರೂ 72 ಗಂಟೆಯೊಳಗೆ ಮೊದಲ ಮಾತ್ರೆ ಒಳಗೆ ಹೋಗಬೇಕು. ಎದುರಿನ ವ್ಯಕ್ತಿಯ ಪರೀಕ್ಷಾ ವರದಿ ಬರಲೆಂದು ಕಾಯಬಾರದು. ಅವನೂ ವಿಂಡೋ ಅವಧಿಯಲ್ಲಿರಬಹುದು. ಗಾಯವನ್ನು ಸೋಪು ನೀರಿನಿಂದ ತೊಳೆದರೆ ಸಾಕು. ಹಿಂಡಬಾರದು, ಸುಣ್ಣ ಅರಿಶಿನ ಮೆತ್ತಬಾರದು.

ಇದಕ್ಕೆ ತಿರುವುಮುರುವಾದ ಇನ್ನೊಂದು ಗೊಂದಲವಿದೆ. ಅದು ಮದುವೆಯ ಮಾತುಕತೆಯಲ್ಲಿ ತಲೆಹಾಕುತ್ತದೆ. ಈಗಾಗಲೇ ಸೋಂಕಿದ್ದು ಎ.ಆರ್.ಟಿ. ಚಿಕಿತ್ಸೆಯಲ್ಲಿರುವವರಿಗೆ ವೈರಲ್ ಲೋಡ್ ಪರೀಕ್ಷೆ ಮಾಡಿಸುತ್ತಾರೆ. ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ವರದಿಯಲ್ಲಿ ‘ವೈರಾಣು ಕಂಡುಬಂದಿಲ್ಲ’ ಎಂದಿರುತ್ತದೆ. ಇದನ್ನು ಎಚ್.ಐ.ವಿ. ನೆಗೆಟಿವ್ ಎಂದು ಓದುವವರಿದ್ದಾರೆ, ಓದಿಸುವವರೂ ಇದ್ದಾರೆ. ಅವರದೇ ಪ್ರತಿಕಾಯ ಪರೀಕ್ಷೆ ಮಾಡಿದರೆ ಸಾಮಾನ್ಯವಾಗಿ ಪಾಸಿಟಿವ್ ಎಂದೇ ಬರುತ್ತದೆ. ಮಾತ್ರೆ ನಿಲ್ಲಿಸಿದರೆ ವೈರಾಣು ಮತ್ತೆ ಏಳುತ್ತದೆ. ಹಾಗೆಂದು ಆ ವರದಿಯನ್ನು ಹಗುರವಾಗಿ ಕಾಣಬಾರದು: ಮಾತ್ರೆಯನ್ನು ತಪ್ಪದೆ ಸೇವಿಸಿ ವೈರಾಣುವನ್ನು ಕಾಣದಷ್ಟು ಕುಗ್ಗಿಸಿಕೊಂಡವರಿಂದ ದಾಂಪತ್ಯದ ಸಂಗಾತಿಗೆ ಸೋಂಕು ದಾಟುವುದಿಲ್ಲ. ಸಂಗಾತಿಗೆ ಸತ್ಯ ತಿಳಿಸಿ, ವೈದ್ಯರ ಸಲಹೆಯಲ್ಲಿ ಮದುವೆಯಾಗಿ ಆರೋಗ್ಯವಂತ ಮಕ್ಕಳನ್ನು ಪಡೆದವರಿದ್ದಾರೆ. ಇದೇ ವರದಿಯನ್ನು ತನ್ನ ಲೇಹ್ಯದ ಮಹಿಮೆಯೆಂದು ತೋರಿಸಿ, ಸರ್ಕಾರಿ ಮಾತ್ರೆ ಬಿಡಿಸಿ, ಸಾವಿರಾರು ರೂಪಾಯಿ ಕೀಳುವವರನ್ನು ನಾನು ಕಂಡಿದ್ದೇನೆ. ನಾನೂ ಲೇಹ್ಯ ಕೊಡುವವನೇ ಆದ್ದರಿಂದ ಈ ಮಾತನ್ನು ಹೇಳುವ ಅಧಿಕಾರ ನನಗಿದೆ. ಔಷಧ ನಿಯಮಗಳ ಜೆ ಅನುಸೂಚಿಯಲ್ಲಿ, ಯಾವ ಔಷಧವೂ ತಾನು ಗುಣಪಡಿಸುತ್ತೇನೆಂದು ಹೇಳಿಕೊಳ್ಳಬಾರದ ಕಾಯಿಲೆಗಳ ಪಟ್ಟಿಯಲ್ಲಿ, ಏಡ್ಸ್‌ನ ಹೆಸರಿದೆ.

ಮಾತ್ರೆ ಮತ್ತು ಪರೀಕ್ಷೆ ಜೊತೆಜೊತೆಯಾಗಿ ನಡೆಯಬೇಕೆಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆಯ ನಿದರ್ಶನವಿದೆ. ಕಳೆದ ದಶಕದಲ್ಲಿ ಮೈಸೂರಿನ ಆಶೋದಯ ಸಮಿತಿ ಎಂಬ ಲೈಂಗಿಕ ಕಾರ್ಯಕರ್ತೆಯರ ಸಂಘಟನೆಯು, ಸೋಂಕು ತಗಲುವ ಮೊದಲೇ ದಿನವೂ ಮಾತ್ರೆ ಸೇವಿಸಿ ರಕ್ಷಿಸಿಕೊಳ್ಳುವ ಕ್ರಮವನ್ನು ಆಚರಣೆಗೆ ತಂದು ತೋರಿಸಿತು. ದೇಶದಲ್ಲಿ ಇಂಥ ಮೊದಲ ಪ್ರಯೋಗಗಳು ಮೈಸೂರು ಮತ್ತು ಕೋಲ್ಕತ್ತದಲ್ಲಿ ನಡೆದವು. ಈ ಕ್ರಮದಲ್ಲಿ ಮಾತ್ರೆಗೆ ಮುಂಚೆ ಪರೀಕ್ಷೆ, ಆಮೇಲೂ ನಿಯತವಾಗಿ ಪರೀಕ್ಷೆ. ಸೋಂಕು ಒಳಗಿರುವುದು ತಿಳಿಯದೆ ಅರೆಬರೆ ಔಷಧ ಕೊಟ್ಟರೆ ವೈರಾಣು ಆ ಔಷಧಕ್ಕೆ ಬಗ್ಗದಂತೆ ಬಲಿಯುತ್ತದೆ. ಅಂಥವರ ಉದಾಹರಣೆ ಮಠದ ಪತ್ರಿಕೆಯಲ್ಲೇಕೆ ಎಂದು ಹುಬ್ಬೇರಿಸುವವರು, ನಮ್ಮ ಶರಣೆಯರ ಸಾಲಿನಲ್ಲಿ ಸಂಕವ್ವೆಯ ಹೆಸರೂ ಇರುವುದನ್ನು ನೆನೆಯಲಿ.

ನಮ್ಮ ಭಾಗದಲ್ಲಿ ಕೊರತೆಯಿರುವುದು ಔಷಧಕ್ಕಲ್ಲ, ಮಾಹಿತಿಗೆ. ತಾಲ್ಲೂಕು ಆಸ್ಪತ್ರೆಗಳ ಐ.ಸಿ.ಟಿ.ಸಿ. ಕೇಂದ್ರದಲ್ಲಿ ಪರೀಕ್ಷೆ ಉಚಿತ. ತುಮಕೂರು ಜಿಲ್ಲಾ ಆಸ್ಪತ್ರೆಯಲ್ಲಿ ಎ.ಆರ್.ಟಿ. ಕೇಂದ್ರವಿದೆ. ಆದರೆ ಭಾನುವಾರ ರಾತ್ರಿ ಹತ್ತು ಗಂಟೆಗೆ ಸೂಜಿ ಚುಚ್ಚಿದರೆ ಮೊದಲ ಮಾತ್ರೆ ಯಾರ ಕೈಯಲ್ಲಿ ಸಿಗುತ್ತದೆಂಬುದು ಎಷ್ಟು ಜನಕ್ಕೆ ಗೊತ್ತು? ಆಸ್ಪತ್ರೆಗಳ ತುರ್ತು ವಿಭಾಗದ ಗೋಡೆಯ ಮೇಲೆ ಕನ್ನಡದಲ್ಲಿ ಎರಡು ಸಾಲು ಬರೆಸಿದರೆ ಸಾಕು. ಹಾವು ಕಚ್ಚಿದವನನ್ನು ‘ಆ ಹೊತ್ತಿನಲ್ಲಿ ತೋಟಕ್ಕೆ ಯಾಕೆ ಹೋಗಿದ್ದೆ?’ ಎಂದು ವಿಚಾರಿಸುತ್ತ ಕೂರುವುದಿಲ್ಲ; ಇಲ್ಲಿಯೂ ಹಾಗೆಯೇ ಆಗಬೇಕು. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಪರೀಕ್ಷೆಗೆ ವ್ಯಕ್ತಿಯ ಒಪ್ಪಿಗೆ ಬೇಕು. ಫಲಿತಾಂಶವನ್ನು ಗುಟ್ಟಾಗಿಡುವುದು ಕರ್ತವ್ಯ. ಹೆಸರು ಹೇಳದೆಯೇ 1097ಕ್ಕೆ ಕರೆ ಮಾಡಿ ವಿಚಾರಿಸಬಹುದು, ಹಣ ತಗಲುವುದಿಲ್ಲ.

ನಮ್ಮ ಪದ್ಧತಿಯ ಔಷಧ ಸೇವಿಸುತ್ತಿರುವವರಿಗೆ ಒಂದು ಮಾತು. ಕಬ್ಬಿಣ, ಸುಣ್ಣದ ಅಂಶವಿರುವ ಔಷಧಗಳು ಡೊಲುಟೆಗ್ರವಿರ್ ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತವೆ. ಲೋಹಭಸ್ಮ, ಮಂಡೂರ, ಶಂಖಭಸ್ಮ, ಪ್ರವಾಳ ಇವುಗಳಲ್ಲಿರುವುದು ಅದೇ ಕಬ್ಬಿಣ, ಅದೇ ಸುಣ್ಣ. ಆ 28 ದಿನ ಇವನ್ನೆಲ್ಲ ನಿಲ್ಲಿಸಿಬಿಡಿರೆಂದು ನನ್ನ ರೋಗಿಗಳಿಗೆ ಹೇಳುತ್ತೇನೆ. ಇಂಗ್ಲಿಷ್ ವೈದ್ಯರು ಕೊಟ್ಟ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಗ್ಯಾಸ್ಟ್ರಿಕ್ ಔಷಧಗಳಿಗೂ ಇದೇ ಮಾತು. ಬಿಡಲಾಗದಿದ್ದರೆ ಡೊಲುಟೆಗ್ರವಿರ್ ಮಾತ್ರೆಯನ್ನು ಅವುಗಳಿಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ತೆಗೆದುಕೊಳ್ಳಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಈ ಮಾತ್ರೆಯಿಂದ ಅದರ ಪ್ರಮಾಣ ರಕ್ತದಲ್ಲಿ ಏರುತ್ತದೆ. ಮೂತ್ರಪಿಂಡದ ತೊಂದರೆಯಿದ್ದವರಿಗೆ ಟೆನೊಫೊವಿರ್ ವಿಷಯದಲ್ಲಿ ಎಚ್ಚರ ಬೇಕು. ಆದ್ದರಿಂದ ಮನೆಯಲ್ಲಿ ನುಂಗುತ್ತಿರುವ ಎಲ್ಲ ಔಷಧಗಳ ಚೀಟಿಯನ್ನೂ, ನಾನು ಬರೆದುಕೊಟ್ಟದ್ದನ್ನೂ ಸೇರಿಸಿ, ಮೊದಲ ದಿನವೇ ಆಸ್ಪತ್ರೆಗೆ ಒಯ್ಯಿರಿ.