ಎಂಟು ಮರದ ತುಂಡುಗಳ ಪಾಠ

‘ಆಡಿದ್ದು ಸಾಕು, ಬಾ, ಅ ಆ ಇ ಈ ಬರಿ’ ಎಂದು ಮೂರು ವರ್ಷದ ಮಗುವನ್ನು ಕರೆಯುವ ಮನೆಗಳು ಹಲವು. ಜೋಡಿಸುತ್ತಿದ್ದ ಮರದ ತುಂಡುಗಳು ಆಗ ಡಬ್ಬ ಸೇರುತ್ತವೆ. ಹೀಗೆ ಎತ್ತಿಟ್ಟದ್ದು ಬರೀ ಆಟಿಕೆಯೇ ಅಥವಾ ಪಾಠವೇ?

ಪಾಠವೆಂದೇ ತಿಳಿದಿದ್ದವರು ಜರ್ಮನಿಯ ಫ್ರೆಡರಿಕ್ ಫ್ರೋಬೆಲ್ (1782–1852). ಖನಿಜಗಳ ಹರಳುಗಳನ್ನು ಅಭ್ಯಾಸ ಮಾಡಿದ್ದ ಅವರು 1837ರಲ್ಲಿ ಬಾಡ್ ಬ್ಲಾಂಕೆನ್‌ಬರ್ಗ್‌ನಲ್ಲಿ ಚಿಕ್ಕಮಕ್ಕಳಿಗಾಗಿ ಸಂಸ್ಥೆಯೊಂದನ್ನು ತೆರೆದರು. ಅದಕ್ಕೆ 1840ರಲ್ಲಿ ‘ಕಿಂಡರ್‌ಗಾರ್ಟನ್’ ಎಂದು ಹೆಸರಿಟ್ಟರು. ತಾವು ರೂಪಿಸಿದ ಆಟದ ಸಾಮಗ್ರಿಗಳನ್ನು ‘ಕೊಡುಗೆ’ಗಳೆಂದು ಕರೆದರು. ಮೂರನೆಯ ಕೊಡುಗೆ, ಎಂಟು ಪುಟ್ಟ ಘನಗಳಾಗಿ ಬಿಡಿಸಬಹುದಾದ ಒಂದು ಮರದ ಘನ.

ಈ ಎಂಟನ್ನು ಒಂದೇ ಸಾಲಿನಲ್ಲಿಡಿ. ಬಳಿಕ ನಾಲ್ಕರಂತೆ ಎರಡು ಸಾಲು ಮಾಡಿ. ಕೊನೆಗೆ ಮತ್ತೆ ಘನವಾಗಿಸಿ. ಗಾತ್ರ ಒಂದೇ, ಆಕಾರ ಮಾತ್ರ ಬೇರೆ. ಹೈಸ್ಕೂಲು ವಿದ್ಯಾರ್ಥಿಗಳು ಹೊರಮೈ ವಿಸ್ತೀರ್ಣದ ಲೆಕ್ಕ ಹಾಕಿ ನೋಡಿ. ತುಂಡಿನ ಬದಿ 1 ಸೆಂ.ಮೀ. ಇದ್ದರೆ ಕ್ರಮವಾಗಿ 34, 28, 24 ಚದರ ಸೆಂ.ಮೀ. ಬರುತ್ತದೆ.

ಪುಟ್ಟ ಮಗುವಿಗೆ ಈ ಲೆಕ್ಕ ಬೇಡ. ಉದ್ದನೆಯ ಸಾಲಿನಲ್ಲೇ ‘ಜಾಸ್ತಿ’ ಇದೆ ಎಂದು ಅದು ಹೇಳಿದರೆ ನಗಬೇಡಿ. ಕಣ್ಣಿಗೆ ಕಂಡಂತೆ ತೀರ್ಮಾನಿಸುವುದು ಆ ವಯಸ್ಸಿನ ಸಹಜ ರೀತಿ ಎಂದು ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ತೋರಿಸಿಕೊಟ್ಟಿದ್ದಾರೆ. ಬಾಯಿಪಾಠದಿಂದ ಅದು ಬದಲಾಗದು. ಬಿಡಿಸಿ, ಜೋಡಿಸಿ, ಎಣಿಸುತ್ತ ಬೆಳೆದಂತೆ ಮಗುವಿಗೇ ತಿಳಿಯುತ್ತದೆ.

ಗೋಪುರ ಬೀಳುವುದೂ ಪಾಠವೇ. ಮೇಲಿನ ತುಂಡಿನ ಅರ್ಧಕ್ಕಿಂತ ಹೆಚ್ಚು ಭಾಗ ಹೊರಚಾಚಿದರೆ ಅದರ ಗುರುತ್ವಕೇಂದ್ರ ಆಧಾರದ ಅಂಚನ್ನು ದಾಟುತ್ತದೆ, ತುಂಡು ಉರುಳುತ್ತದೆ. ಮಗುವಿಗೆ ಆ ಪದ ಗೊತ್ತಿಲ್ಲ. ಆದರೂ ಮುಂದಿನ ಸಲ ತುಂಡನ್ನು ತುಸು ಒಳಕ್ಕೆ ತಳ್ಳುತ್ತದೆ. ಊಹೆ, ಪ್ರಯೋಗ, ತಿದ್ದುಪಡಿ: ವಿಜ್ಞಾನಿ ಮಾಡುವುದೂ ಇದನ್ನೇ ಅಲ್ಲವೇ? ನಾವು ಅವಸರದಿಂದ ನೆಟ್ಟಗೆ ಇಟ್ಟುಕೊಟ್ಟರೆ ಗೋಪುರವೇನೋ ನಿಲ್ಲುತ್ತದೆ. ಆದರೆ ಮಗು ತಾನೇ ಕಂಡುಕೊಳ್ಳಬೇಕಾದುದನ್ನು ಕಸಿದುಕೊಂಡಂತಾಗುತ್ತದೆ.

ಬರವಣಿಗೆಗೂ ಇದರಿಂದ ನಷ್ಟವಿಲ್ಲ. ತುಂಡುಗಳನ್ನು ಹಿಡಿದು ಅಲುಗದಂತೆ ಇಡುವ ಬೆರಳುಗಳೇ ನಾಳೆ ಪೆನ್ಸಿಲ್ ಹಿಡಿಯಬೇಕು. ‘ಮೇಲೆ’, ‘ಕೆಳಗೆ’, ‘ನಡುವೆ’ ಎಂಬ ಮಾತುಗಳಿಗೂ ಇಲ್ಲಿ ಅರ್ಥ ಸಿಗುತ್ತದೆ.

ದುಬಾರಿ ಪೆಟ್ಟಿಗೆಯೇ ಬೇಕೆಂದಿಲ್ಲ. ಬಡಗಿಯ ಬಳಿ ಉಳಿದ ಮರದ ತುಂಡುಗಳನ್ನು ಮೂಲೆಗಳು ಚುಚ್ಚದಂತೆ ಮರಳುಕಾಗದದಿಂದ ಉಜ್ಜಿದರೆ ಸಾಕು. ಬಾಯೊಳಗೆ ಹೋಗುವಷ್ಟು ಚಿಕ್ಕ ತುಂಡುಗಳು ಮಾತ್ರ ಬೇಡ. ಪೋಷಕರು ದಿನಕ್ಕೆ ಅರ್ಧ ಗಂಟೆ ಪಕ್ಕದಲ್ಲಿ ಕುಳಿತು, ‘ಇದು ಯಾಕೆ ಬಿತ್ತು, ಪುಟ್ಟಾ?’ ಎಂದು ಕೇಳಲಿ. ಉತ್ತರವನ್ನು ಮಗುವೇ ಹುಡುಕಲಿ.